ಬಯಾಲಜಿಯಾ, ಬಯೋಮೆಡಿಕಲ್ಲಾ? ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಿಭಾಗ ಆರಿಸಿಕೊಳ್ಳುವ ಬಗೆ

ಅಮೆರಿಕದಂಥ ದೇಶದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಕೋರ್ಸ್ ಪಟ್ಟಿ ತೆರೆದರೆ ಜೀವವಿಜ್ಞಾನ ಒಂದೇ ಹೆಸರಿನಲ್ಲಿ ಸಿಗುವುದಿಲ್ಲ. ಬಯಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮೈಕ್ರೋಬಯಾಲಜಿ, ಫಿಸಿಯಾಲಜಿ, ನ್ಯೂರೋಸೈನ್ಸ್, ಬಯೋಮೆಡಿಕಲ್ ಸೈನ್ಸ್, ಬಯೋಮೆಡಿಕಲ್ ಎಂಜಿನಿಯರಿಂಗ್ ಅಂತ ಸಾಲು ಸಾಲು ಹೆಸರುಗಳು. ಒಂದು ವಿಜ್ಞಾನ ಕಾಲೇಜಿನಲ್ಲಿ, ಇನ್ನೊಂದು ವೈದ್ಯಕೀಯ ಕಾಲೇಜಿನಲ್ಲಿ, ಮತ್ತೊಂದು ಕೃಷಿ ಕಾಲೇಜಿನಲ್ಲಿ. ನೋಡಿದವರಿಗೆ ತಲೆ ತಿರುಗುವುದು ಸಹಜ.

ಮೊದಲ ವರ್ಷ ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಬಯಾಲಜಿ, ಕೆಮಿಸ್ಟ್ರಿ, ಒಂದಿಷ್ಟು ಗಣಿತ. ದಾರಿಗಳು ನಿಜವಾಗಿ ಬೇರೆಯಾಗುವುದು ಆಮೇಲೆ. ಹಾಗಾಗಿ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಕೊನೆಯ ವರ್ಷದ ಒಂದು ಮಾಮೂಲಿ ವಾರ ಹೇಗಿರುತ್ತದೆ ಎಂದು ನೋಡಿ ಹೋಲಿಸಿ. ಆ ವಾರ ನಿಮ್ಮ ಕೈ ಏನು ಮಾಡುತ್ತಿರುತ್ತದೆ? ಯಾವ ಪ್ರಶ್ನೆ ತಲೆಯಲ್ಲಿ ಓಡುತ್ತಿರುತ್ತದೆ? ಯಾರ ಲ್ಯಾಬಿಗೆ ನೀವು ಹೋಗಿಬರುತ್ತಿರುತ್ತೀರಿ? ನನ್ನ ಪ್ರಕಾರ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ವಿಭಾಗದ ಹೆಸರಿಗೂ ಒಳಗೆ ನಡೆಯುವ ಕೆಲಸಕ್ಕೂ ಎಷ್ಟು ದೂರ ಇರಬಹುದು ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಒಬ್ಬ ರೈತ ಬಂದ. ಜೊತೆಯಲ್ಲಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಕೆಟ್ಟುಹೋದ ಒಣಮೇವು. ಅವನ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಅವನು ಹೋಗಿ ಮುಟ್ಟಿದ್ದು ಕೃಷಿ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬನ್ನು. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೆಲಸ ಮಾಡಿ ಆ ಮೇವಿನಲ್ಲಿದ್ದ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ಜಾತಿಯ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೂ ಔಷಧಿಯಾಗಿ ಒಪ್ಪಿಗೆ ಪಡೆಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಹೃದಯದ ರೋಗಿಗಳು ಇವತ್ತಿಗೂ ಆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಲ್ಯಾಬಿನ ಬಾಗಿಲ ಮೇಲೆ ‘ಬಯೋಮೆಡಿಕಲ್’ ಎಂಬ ಬೋರ್ಡು ಇರಲಿಲ್ಲ.

ದೊಡ್ಡದೋ, ಚಿಕ್ಕದೋ

ಇದನ್ನು ಬೇಗ ಮುಗಿಸೋಣ. ದೊಡ್ಡ ಕಡೆ ಮೊದಲ ವರ್ಷದ ಒಂದೊಂದು ತರಗತಿಯಲ್ಲೂ ನೂರಾರು ಜನ ಕೂತಿರುತ್ತಾರೆ. ಲ್ಯಾಬ್ ತರಗತಿ ನಡೆಸುವವರು ಬಹುಮಟ್ಟಿಗೆ ಪಿಎಚ್‌ಡಿ ವಿದ್ಯಾರ್ಥಿಗಳು. ಹೆಸರು ಹಿಡಿದು ಕರೆದು ವಿಚಾರಿಸುವ ಮೇಷ್ಟ್ರು ಬೇಕು ಅನ್ನುವವರಿಗೆ ಚಿಕ್ಕ ಕಾಲೇಜೇ ಒಳ್ಳೆಯದು. ಆದರೆ ಕೋಶಗಳನ್ನು ಪದರ ಪದರವಾಗಿ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್, ಅವುಗಳನ್ನು ಒಂದೊಂದಾಗಿ ಎಣಿಸಿ ಅಳೆಯುವ ಫ್ಲೋ ಸೈಟೋಮೀಟರ್, ಅಣುಗಳ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್, ಜೊತೆಗೆ ಕ್ಯಾಂಪಸ್ಸಿನಲ್ಲೇ ಬೋಧನಾ ಆಸ್ಪತ್ರೆ, ಇವೆಲ್ಲ ಒಟ್ಟಿಗೆ ಸಿಗುವುದು ದೊಡ್ಡ ಕಡೆಯೇ. ಇಂಥ ಯಂತ್ರಗಳನ್ನು ಹಲವು ಲ್ಯಾಬುಗಳು ಸೇರಿ ಹಂಚಿಕೊಂಡು ಬಳಸುತ್ತವೆ. ತರಬೇತಿ ಮುಗಿಸಿದ ಪದವಿ ವಿದ್ಯಾರ್ಥಿಗೂ ಅಲ್ಲಿ ಸಮಯ ಕಾದಿರಿಸಲು ಅವಕಾಶ ಸಿಗಬಹುದು. ಒಂದೇ ಷರತ್ತು, ಕೇಳಬೇಕು. ಸುಮ್ನೆ ಕೂತವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ನಾಲ್ಕು ವರ್ಷವೂ ಹಿಂದಿನ ಬೆಂಚಿನಲ್ಲೇ ಕೂತು ಪದವಿ ಮುಗಿಸಿಕೊಂಡು ಹೋಗಬಹುದು. ಅದು ನೋವಿನ ಸಂಗತಿ, ಆದರೆ ತುಂಬ ಜನರಿಗೆ ಹಾಗೇ ಆಗುತ್ತದೆ.

ಬಯಾಲಜಿಯಾ, ಬಯೋಮೆಡಿಕಲ್ ಸೈನ್ಸಾ?

ಬಯಾಲಜಿ ಎಂದರೆ ಅಗಲ. ಗಿಡ, ಕೀಟ, ಬ್ಯಾಕ್ಟೀರಿಯಾ, ವಿಕಾಸ, ಪರಿಸರ ಎಲ್ಲವನ್ನೂ ಒಂದಿಷ್ಟು ಓದುತ್ತೀರಿ, ಆಮೇಲೆ ಒಂದು ಕಡೆ ಆಳಕ್ಕೆ ಇಳಿಯುತ್ತೀರಿ. ಬಯೋಮೆಡಿಕಲ್ ಸೈನ್ಸ್ ಮೊದಲಿನಿಂದಲೂ ಮನುಷ್ಯನ ದೇಹದ ಸುತ್ತಲೇ ತಿರುಗುತ್ತದೆ. ದೇಹದ ರಚನೆ ಹೇಳುವ ಅನಾಟಮಿ, ಅಂಗಗಳ ಕೆಲಸ ಹೇಳುವ ಫಿಸಿಯಾಲಜಿ, ರೋಗನಿರೋಧಕ ಶಕ್ತಿಯ ಇಮ್ಯುನಾಲಜಿ, ಔಷಧಿಗಳ ಫಾರ್ಮಕಾಲಜಿ, ರೋಗ ಹೇಗೆ ಹುಟ್ಟುತ್ತದೆ ಎಂಬ ಪೆಥಾಲಜಿ. ಸಸ್ಯಗಳನ್ನು ಬಹುತೇಕ ಮುಟ್ಟುವುದೇ ಇಲ್ಲ.

ರೋಗವೇ ನಿಮ್ಮನ್ನು ಈ ಕಡೆ ಎಳೆದಿದ್ದರೆ ಬಯೋಮೆಡಿಕಲ್ ಸರಿ. ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಬಯಾಲಜಿಗೆ ಹೋಗಿ. ಅಲ್ಲಿಂದ ಆಮೇಲೆ ಇಮ್ಯುನಾಲಜಿಗೆ ಬರುವುದು ಸುಲಭ. ಬಯೋಮೆಡಿಕಲ್‌ನಿಂದ ಪರಿಸರ ವಿಜ್ಞಾನಕ್ಕೆ ಹೋಗಬೇಕೆಂದರೆ ಬಿಟ್ಟುಹೋದ ಕೋರ್ಸ್‌ಗಳನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಒಂದು, ಬಯೋಮೆಡಿಕಲ್ ಸೈನ್ಸ್ ಅಂದರೆ ಅರ್ಧ ಡಾಕ್ಟರ್ ಓದು ಅನ್ನೋದು. ಅಲ್ಲ. ಅದು ಪದವಿ ಮಟ್ಟದ ವಿಜ್ಞಾನ, ರೋಗಿಯನ್ನು ನೋಡುವ ಅಧಿಕಾರ ಅದರಿಂದ ಬರುವುದಿಲ್ಲ. ಅಮೆರಿಕದಲ್ಲಿ ವೈದ್ಯಕೀಯ ಓದು ಪದವಿ ಮುಗಿದ ಮೇಲೆ ಶುರುವಾಗುತ್ತದೆ. ಅದಕ್ಕೆ ಇಂಥದ್ದೇ ವಿಭಾಗ ಬೇಕೆಂದೂ ಇಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಕೋರ್ಸ್‌ಗಳು ಆಗಿರಬೇಕು, ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರದ ಭಾಗವೂ ಇದೆ. ಇತಿಹಾಸದಲ್ಲಿ ಪದವಿ ಮಾಡಿ ಈ ಕೋರ್ಸ್‌ಗಳನ್ನು ಮುಗಿಸಿ ಡಾಕ್ಟರ್ ಆದವರೂ ಇದ್ದಾರೆ.

ಎರಡನೆಯದು, ಈ ಪದವಿ ಇದ್ದರೆ ಆಸ್ಪತ್ರೆ ಲ್ಯಾಬಿನಲ್ಲಿ ನೇರ ಕೆಲಸ ಸಿಗುತ್ತದೆ ಅನ್ನೋದು. ಅದು ದೇಶದ ನಿಯಮದ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂಬ ಹುದ್ದೆಯ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆ ಕೆಲಸ ಮಾಡಲು ಎಚ್‌ಸಿಪಿಸಿ ಎಂಬ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಬೇಕು. ಅದಕ್ಕೆ ನೇರ ದಾರಿ ಐಬಿಎಂಎಸ್ ಎಂಬ ವೃತ್ತಿ ಸಂಸ್ಥೆಯ ಮಾನ್ಯತೆ ಇರುವ ಪದವಿ, ಜೊತೆಗೆ ಆಸ್ಪತ್ರೆ ಲ್ಯಾಬಿನ ತರಬೇತಿ. ಒಂದೇ ಹೆಸರಿನ ಎರಡು ಪದವಿಗಳಲ್ಲಿ ಒಂದಕ್ಕೆ ಮಾನ್ಯತೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಅಮೆರಿಕದಲ್ಲಿ ಆಸ್ಪತ್ರೆ ಲ್ಯಾಬಿನ ಕೆಲಸಕ್ಕೆ ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಎಂಬ ಬೇರೆಯದೇ ಓದಿದೆ. ಈ ಕೆಲಸದ ಆಸೆ ಇದ್ದವರು ಅರ್ಜಿ ಹಾಕುವ ಮೊದಲೇ ಮಾನ್ಯತೆ ವಿಚಾರಿಸಿಕೊಳ್ಳಬೇಕು. ಪದವಿ ಮುಗಿದ ಮೇಲೆ ಗೊತ್ತಾದರೆ ವರ್ಷಗಳು ಕೈತಪ್ಪುತ್ತವೆ.

ಕೈ ಏನು ಮಾಡುತ್ತದೆ

ಬಯೋಕೆಮಿಸ್ಟ್ರಿ, ಮಾಲಿಕ್ಯುಲರ್ ಬಯಾಲಜಿ, ಜೆನೆಟಿಕ್ಸ್ ಮೂರರಲ್ಲೂ ನಿಮ್ಮ ಕೈಯಲ್ಲಿ ಸದಾ ಇರುವುದು ಮೈಕ್ರೋಪಿಪೆಟ್, ಅಂದರೆ ದ್ರವವನ್ನು ಹನಿ ಲೆಕ್ಕದಲ್ಲಿ ಅಳೆದು ಎಳೆಯುವ ಸಾಧನ. ಅದರ ಗುಂಡಿ ಒತ್ತಿದರೆ ಎರಡು ಕಡೆ ತಡೆ ಸಿಗುತ್ತದೆ. ದ್ರವ ಎಳೆಯುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಿ ನಿಧಾನ ಬಿಡಬೇಕು. ಹೊರಗೆ ಬಿಡುವಾಗ ಎರಡನೇ ತಡೆಯವರೆಗೂ ಒತ್ತಬೇಕು. ಎಳೆಯುವಾಗಲೇ ಎರಡನೆಯದಕ್ಕೆ ಹೋದರೆ ಲೆಕ್ಕಕ್ಕಿಂತ ಜಾಸ್ತಿ ಬರುತ್ತದೆ, ಪ್ರಯೋಗ ಕೆಡುತ್ತದೆ. ಒಂದು ಮೈಕ್ರೋಲೀಟರ್ ಎಂದರೆ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಹನಿ. ಇಂಥ ಹನಿಗಳನ್ನು 96 ಗುಳಿಗಳ ಪ್ಲೇಟಿಗೆ ಒಂದೊಂದಾಗಿ ಹಾಕುವ ಕೆಲಸ ಇದು. ಆಮೇಲೆ ಡಿಎನ್‌ಎಯ ಒಂದು ತುಣುಕನ್ನು ಲೆಕ್ಕವಿಲ್ಲದಷ್ಟು ನಕಲು ಮಾಡುವ ಪಿಸಿಆರ್ ಯಂತ್ರ. 95 ಡಿಗ್ರಿಯಲ್ಲಿ ಡಿಎನ್‌ಎ ಎಳೆಗಳು ಬಿಚ್ಚಿಕೊಳ್ಳುತ್ತವೆ, 55-60ರ ಸುಮಾರಿಗೆ ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಪ್ರೈಮರ್ ಎಂಬ ಚಿಕ್ಕ ತುಣುಕು ಕೂರುತ್ತದೆ, 72ರಲ್ಲಿ ಹೊಸ ಎಳೆ ಬೆಳೆಯುತ್ತದೆ. ಇದೇ 30 ಸಲ ಆದರೆ ಒಂದು ತುಣುಕು ಲೆಕ್ಕದ ಪ್ರಕಾರ 100 ಕೋಟಿ ದಾಟುತ್ತದೆ. ಕೊನೆಗೆ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್. ನೀಲಿ ಬಣ್ಣ ಬೆರೆಸಿದ ಡಿಎನ್‌ಎಯನ್ನು ಸಣ್ಣ ಗುಳಿಗೆ ಇಳಿಸಿ ಕರೆಂಟ್ ಕೊಟ್ಟರೆ ಚಿಕ್ಕ ತುಣುಕುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ತಾಳ್ಮೆ, ಅಚ್ಚುಕಟ್ಟು, ರಸಾಯನಶಾಸ್ತ್ರದ ಮೇಲೆ ಪ್ರೀತಿ ಇರುವವರಿಗೆ ಇದು ಖುಷಿ ಕೊಡುತ್ತದೆ. ಕೆಮಿಸ್ಟ್ರಿ ಕಂಡರೆ ಆಗದವರು ಬಯೋಕೆಮಿಸ್ಟ್ರಿ ಕಡೆ ತಲೆ ಹಾಕಬೇಡಿ. ಅದರ ಹೊರೆ ಕೊನೆಯವರೆಗೂ ಇಳಿಯುವುದಿಲ್ಲ.

ಮೈಕ್ರೋಬಯಾಲಜಿಯಲ್ಲಿ ಜೀವ ಇರುವುದನ್ನು ಸಾಕಬೇಕು. ಬರ್ನರ್ ಪಕ್ಕ ಕೂತು, ಲೂಪ್ ಎಂಬ ತಂತಿಯ ಕುಣಿಕೆ ಕಾಯಿಸಿ, ಅದರಿಂದ ಬ್ಯಾಕ್ಟೀರಿಯಾವನ್ನು ಪ್ಲೇಟಿನ ಮೇಲೆ ಗೆರೆ ಎಳೆದು, 37 ಡಿಗ್ರಿಯಲ್ಲಿಟ್ಟು ಹೋದರೆ ಬೆಳಿಗ್ಗೆ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು ಕಾಣುತ್ತವೆ. ಬೇರೆ ಯಾವುದೂ ಬೆರೆಯದಂತೆ ನೋಡಿಕೊಳ್ಳುವ ಶಿಸ್ತೇ ಇಲ್ಲಿನ ಮೊದಲ ಪಾಠ. ಆಸ್ಪತ್ರೆ, ಆಹಾರ, ನೀರು, ಮಣ್ಣು, ಔಷಧ ಕಂಪನಿ ಎಲ್ಲ ಕಡೆಗೂ ದಾರಿ ಇರುವ ವಿಭಾಗ ಇದು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಅನ್ನಿಸುತ್ತದೆ ನನಗೆ.

ಫಿಸಿಯಾಲಜಿ ಮತ್ತು ನ್ಯೂರೋಸೈನ್ಸ್‌ನಲ್ಲಿ ಅಳೆಯುವ ಕೆಲಸ ಜಾಸ್ತಿ. ಹೃದಯದ ಬಡಿತ, ಸ್ನಾಯುವಿನ ಎಳೆತ, ನರಕೋಶದ ವಿದ್ಯುತ್ತು. ಇಲ್ಲಿ ಫಿಸಿಕ್ಸ್ ಬೇಕು, ಪ್ರಾಣಿಗಳ ಮೇಲಿನ ಪ್ರಯೋಗದ ಪ್ರಶ್ನೆಯೂ ಎದುರಾಗುತ್ತದೆ. ಇಲಿಯನ್ನು ಕೈಯಲ್ಲಿ ಹಿಡಿಯಲು ಆಗುತ್ತದೆಯೇ, ಪ್ರಯೋಗದ ಕೊನೆಯಲ್ಲಿ ಅದರ ಸಾವನ್ನು ಒಪ್ಪಲು ಮನಸ್ಸು ಬರುತ್ತದೆಯೇ ಎಂದು ಮೊದಲೇ ಯೋಚಿಸಿ. ಆಗಲ್ಲ ಅನ್ನೋದು ಖಂಡಿತ ನಾಚಿಕೆಯ ವಿಷಯವಲ್ಲ. ಆದರೆ ಲ್ಯಾಬ್ ಸೇರುವ ಮೊದಲೇ ಹೇಳಿಬಿಡಬೇಕು.

ಬಯೋಮೆಡಿಕಲ್ ಎಂಜಿನಿಯರಿಂಗ್ ನಿಜದಲ್ಲಿ ಎಂಜಿನಿಯರಿಂಗ್. ಗಣಿತ, ಸರ್ಕ್ಯೂಟ್, ಮೆಕ್ಯಾನಿಕ್ಸ್ ಇಷ್ಟ ಇದ್ದರೆ ಮಾತ್ರ. ಬಯಾಲಜಿ ಅಲ್ಲಿ ಎರಡನೇ ಸಾಲಿನಲ್ಲಿ ಕೂರುತ್ತದೆ.

ಯಾವ ಜೀವಿಯ ಜೊತೆ ಕೆಲಸ

ಇದನ್ನು ಯಾವ ಕೈಪಿಡಿಯೂ ಸರಿಯಾಗಿ ಹೇಳುವುದಿಲ್ಲ. ಆದರೆ ವಿದ್ಯಾರ್ಥಿಯ ದಿನಚರಿ ನಿಂತಿರುವುದೇ ಇದರ ಮೇಲೆ. ಪದವಿ ವಿದ್ಯಾರ್ಥಿಗೆ ಪ್ರಾಜೆಕ್ಟ್‌ಗೆ ಸಿಗುವುದು ಒಂದೆರಡು ಸೆಮಿಸ್ಟರ್. ಅಷ್ಟರೊಳಗೆ ಫಲಿತಾಂಶ ಕಾಣಬೇಕೆಂದರೆ ಜೀವಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಮುಖ್ಯ ಅಲ್ವಾ?

ಇ. ಕೋಲೈ ಬ್ಯಾಕ್ಟೀರಿಯಾ ಒಳ್ಳೆಯ ಪೋಷಣೆ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಯೀಸ್ಟ್‌ಗೆ ಸುಮಾರು ಒಂದೂವರೆ ಗಂಟೆ. ಇವೆರಡರಲ್ಲೂ ಇವತ್ತು ತಪ್ಪಾದರೆ ನಾಳೆ ಮತ್ತೆ ಮಾಡಬಹುದು, ಕಲಿಯುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಹುಳುವಿಗೆ ಮೊಟ್ಟೆಯಿಂದ ಮೊಟ್ಟೆಯವರೆಗೆ ಮೂರು ದಿನದ ಆಸುಪಾಸು. ಅದರ 302 ನರಕೋಶಗಳು ಹೇಗೆ ಒಂದಕ್ಕೊಂದು ಕೂಡಿವೆ ಎಂಬ ನಕ್ಷೆಯೇ ತಯಾರಿದೆ. ಹಣ್ಣಿನ ನೊಣ 25 ಡಿಗ್ರಿಯಲ್ಲಿ ಸುಮಾರು 10 ದಿನದಲ್ಲಿ ಒಂದು ತಲೆಮಾರು ಮುಗಿಸುತ್ತದೆ. ಅರಬಿಡಾಪ್ಸಿಸ್ ಗಿಡಕ್ಕೆ ಬೀಜದಿಂದ ಬೀಜಕ್ಕೆ ಆರು ವಾರ. ಜೀಬ್ರಾ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕ, ಮೊದಲ ದಿನ ಮುಗಿಯುವಷ್ಟರಲ್ಲೇ ಹೃದಯ ಬಡಿಯುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಆದರೆ ಮೀನು ದೊಡ್ಡದಾಗಿ ಮೊಟ್ಟೆ ಇಡಲು ಮೂರು ತಿಂಗಳು ಬೇಕು. ಇಲಿಗೆ ಗರ್ಭ ಮೂರು ವಾರ, ಮರಿ ಪ್ರಾಯಕ್ಕೆ ಬರಲು ಆರರಿಂದ ಎಂಟು ವಾರ. ಎರಡು ತಳಿ ಕೂಡಿಸಿ ಬೇಕಾದ ಮರಿ ಪಡೆಯುವಷ್ಟರಲ್ಲಿ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಎರಡಾಗಲು ಹತ್ತಿರ ಹತ್ತಿರ ಒಂದು ದಿನ ತೆಗೆದುಕೊಳ್ಳುತ್ತದೆ, ಪ್ಲೇಟಿನ ಮೇಲೆ ಕಾಲೊನಿ ಕಾಣಲು ವಾರಗಳು ಬೇಕು. ಮೇಲಾಗಿ ಅದಕ್ಕೆ ಸೋಂಕು ಹೊರಗೆ ಹರಡದಂತೆ ತಡೆಯುವ ಬಯೋಸೇಫ್ಟಿ ಮೂರನೇ ಮಟ್ಟದ ಲ್ಯಾಬ್ ಬೇಕು, ಹೊಸ ವಿದ್ಯಾರ್ಥಿಯನ್ನು ಒಳಗೆ ಬಿಡುವುದು ಕಷ್ಟ.

ಮನುಷ್ಯನ ಕೋಶಗಳನ್ನು ಸಾಕುವ ಲ್ಯಾಬುಗಳು ಬಯೋಮೆಡಿಕಲ್ ಕಡೆ ಜಾಸ್ತಿ. 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್, ಎರಡು ಮೂರು ದಿನಕ್ಕೊಮ್ಮೆ ಹೊಸ ಪೋಷಕ ದ್ರವ. ಭಾನುವಾರ ಅಂತ ಕೋಶಗಳು ಕಾಯುವುದಿಲ್ಲ. ದೂರದಿಂದ ಓಡಾಡುವವರು, ಜೊತೆಗೆ ಕೆಲಸ ಮಾಡಿಕೊಂಡು ಓದುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫ್ರೀಜರ್‌ನಲ್ಲಿಟ್ಟ ಡಿಎನ್‌ಎ ಸೋಮವಾರದವರೆಗೂ ಕಾಯುತ್ತದೆ.

ಹೀಗಾಗಿ ಮೊದಲ ಪ್ರಾಜೆಕ್ಟ್‌ಗೆ ಬ್ಯಾಕ್ಟೀರಿಯಾ, ಯೀಸ್ಟ್, ಹುಳು, ನೊಣದ ಲ್ಯಾಬುಗಳೇ ಒಳ್ಳೆಯವು ಎಂದು ನಾನು ಯಾರು ಕೇಳಿದರೂ ಹೇಳುತ್ತೇನೆ. ಕ್ಯಾನ್ಸರ್ ಎಂಬ ಹೆಸರು ಕಂಡ ಕಡೆಗೇ ಎಲ್ಲರೂ ನುಗ್ಗುತ್ತಾರೆ. ಆದರೆ ಕೋಶ ವಿಭಜನೆಯನ್ನು ಹತೋಟಿಯಲ್ಲಿಡುವ ಜೀನ್‌ಗಳನ್ನು ಮೊದಲು ಯೀಸ್ಟ್‌ನಲ್ಲೇ ಹಿಡಿದರು. ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ ಆ ಕೆಲಸದ ಬಹುಭಾಗ ಮಾಡಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಅದೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೇ. 2001ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು.

ಬೆಂಚೋ, ಕಂಪ್ಯೂಟರೋ

ಈಗ ಎಷ್ಟೋ ಲ್ಯಾಬುಗಳಲ್ಲಿ ಪಿಪೆಟ್ಟೇ ಇಲ್ಲ. ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಸುಮಾರು 300 ಕೋಟಿ ಅಕ್ಷರಗಳ ಸಾಲು, ಅದನ್ನು ಓದಿ ಹೋಲಿಸುವುದೇ ಒಂದು ಉದ್ಯೋಗ. ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರಿಗೆ ಮನೆಯಲ್ಲೇ ಕೂತು ಮಾಡುವ ಪ್ರಾಜೆಕ್ಟ್ ಸಿಗುತ್ತದೆ. ಬೆಂಚಿನ ಕೆಲಸವನ್ನೇ ಆರಿಸಿಕೊಂಡರೂ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಮೊದಲ ಎರಡು ವರ್ಷದಲ್ಲೇ ಮುಗಿಸಿ. ಎಷ್ಟು ಮಾದರಿ ಬೇಕು, ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತಿಳಿಯದಿದ್ದರೆ ವರ್ಷದ ದುಡಿಮೆ ನೀರುಪಾಲಾಗುತ್ತದೆ.

ಮುಂದಿನ ಓದು

ಸಂಶೋಧನೆಯಲ್ಲೇ ಮುಂದುವರಿಯುವವರಿಗೆ ಅಮೆರಿಕ ಮತ್ತು ಬ್ರಿಟನ್ನಿನ ದಾರಿ ಬೇರೆ ಬೇರೆ. ಅಮೆರಿಕದಲ್ಲಿ ಮಾಸ್ಟರ್ಸ್ ಇಲ್ಲದೆಯೇ ಪಿಎಚ್‌ಡಿ ಸೇರಬಹುದು. ಹಲವು ವಿಭಾಗಗಳು ಸೇರಿ ಒಂದೇ ಬಯೋಮೆಡಿಕಲ್ ಪ್ರೋಗ್ರಾಂ ನಡೆಸುವುದು ಸಾಮಾನ್ಯ. ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರಗಳಂತೆ ಇದ್ದು ನೋಡಿ, ಆಮೇಲೆ ಒಂದನ್ನು ಆರಿಸಿಕೊಳ್ಳುತ್ತೀರಿ. ಮುಗಿಯಲು ಐದಾರು ವರ್ಷ. ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷ, ಬಹಳಷ್ಟು ಕಡೆ ಮೊದಲ ದಿನದಿಂದಲೇ ಒಬ್ಬ ಮಾರ್ಗದರ್ಶಕರ ಕೈಕೆಳಗೆ. ಇನ್ನೂ ವಿಷಯ ಗಟ್ಟಿಯಾಗದವರಿಗೆ ಮೊದಲನೆಯದು ಹೊಂದುತ್ತದೆ, ಪ್ರಶ್ನೆ ಗೊತ್ತಿರುವವರಿಗೆ ಎರಡನೆಯದು.

ಅರ್ಜಿ ನೋಡುವವರು ಎರಡೂ ಕಡೆ ಮೊದಲು ಹುಡುಕುವುದು ನೀವು ಲ್ಯಾಬಿನಲ್ಲಿ ಕೆಲಸ ಮಾಡಿದ್ದೀರಾ ಎಂದು. ಪದವಿಯ ಹೆಸರು ಅದಾದ ಮೇಲೆ.

ತರಗತಿಯ ಲ್ಯಾಬೋ, ಸಂಶೋಧನೆಯ ಲ್ಯಾಬೋ

1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಹಡ್ಸನ್ ಫ್ರೀಜ್ ಎಂಬ ಪದವಿ ವಿದ್ಯಾರ್ಥಿ ಮೈಕ್ರೋಬಯಾಲಜಿಸ್ಟ್ ಥಾಮಸ್ ಬ್ರಾಕ್ ಅವರ ಜೊತೆ ಕೆಲಸ ಮಾಡುತ್ತಿದ್ದ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ ತಂದ ಮಾದರಿಯಲ್ಲಿ 70 ಡಿಗ್ರಿಯ ಶಾಖದಲ್ಲೂ ಬೆಳೆಯುವ ಬ್ಯಾಕ್ಟೀರಿಯಾವನ್ನು ಅವನು ಬೇರ್ಪಡಿಸಿ ಬೆಳೆಸಿದ. 1969ರಲ್ಲಿ ಇಬ್ಬರೂ ಅದನ್ನು ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಸಿ ಪ್ರಕಟಿಸಿದರು. ಮೇಲೆ ಹೇಳಿದ ಪಿಸಿಆರ್ 95 ಡಿಗ್ರಿಯನ್ನು ಮತ್ತೆ ಮತ್ತೆ ಮುಟ್ಟಿದರೂ ನಿಲ್ಲದೆ ನಡೆಯುವುದು ಈ ಬ್ಯಾಕ್ಟೀರಿಯಾದಿಂದ ಸಿಕ್ಕ, ಡಿಎನ್‌ಎ ಎಳೆ ಬೆಳೆಸುವ ಟ್ಯಾಕ್ ಎಂಬ ಕಿಣ್ವದಿಂದ. ತರಗತಿಯ ಲ್ಯಾಬಿನಲ್ಲಿ ಉತ್ತರ ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯ ಲ್ಯಾಬಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎರಡೂ ಬೇಕು. ಆದರೆ ಎರಡನೆಯದಕ್ಕೆ ಎರಡನೇ ವರ್ಷದಲ್ಲೇ ಕಾಲಿಡಲು ನೋಡಿ.

ಹೇಗೆ ಕೇಳಬೇಕು? ಪ್ರೊಫೆಸರ್‌ಗೆ ಚಿಕ್ಕ ಇಮೇಲ್ ಸಾಕು. ಅವರ ಯಾವ ಕೆಲಸ ಓದಿದ್ದೀರಿ, ಅದರಲ್ಲಿ ಏನು ಹಿಡಿಸಿತು, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ, ಯಾವಾಗಿನಿಂದ. ಒಂದೇ ಪತ್ರವನ್ನು ಮೂವತ್ತು ಜನರಿಗೆ ಕಳಿಸಿದರೆ ಓದಿದ ತಕ್ಷಣ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಅದು ತಪ್ಪೇನಲ್ಲ, ಅವರ ಇನ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ.

ಎರಡು ಲ್ಯಾಬುಗಳಿಂದ ಕರೆ ಬಂದರೆ ಪ್ರೊಫೆಸರ್ ಹೆಸರಿನ ತೂಕ ನೋಡಬೇಡಿ. ದಿನವೂ ನಿಮಗೆ ಕಲಿಸುವವರು ಯಾರು ಎಂದು ಕೇಳಿ. ದೊಡ್ಡ ಹೆಸರಿನ ಲ್ಯಾಬಿನಲ್ಲಿ ಪ್ರೊಫೆಸರ್ ಮುಖ ಕಾಣುವುದು ವಾರದ ಮೀಟಿಂಗಿನಲ್ಲಿ ಮಾತ್ರ ಇರಬಹುದು. ಆದರೆ ಅಲ್ಲಿ ಒಳ್ಳೆಯ ಮನಸ್ಸಿನ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವವರು) ಒಬ್ಬರು ಸಿಕ್ಕರೆ ಬಹಳಷ್ಟು ಕಲಿಯುತ್ತೀರಿ. ಹೊಸದಾಗಿ ಸೇರಿದ ಪ್ರೊಫೆಸರ್ ಲ್ಯಾಬಿನಲ್ಲಿ ಜನ ಕಡಿಮೆ, ಅವರೇ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ. ಆದರೆ ಯಂತ್ರಗಳು ಇನ್ನೂ ಬರುತ್ತಿರಬಹುದು, ಒತ್ತಡವೂ ಜಾಸ್ತಿ. ಹಿಂದೆ ಅಲ್ಲಿದ್ದ ಪದವಿ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಅವರಿಗೆ ಸ್ವಂತ ಪ್ರಾಜೆಕ್ಟ್ ಸಿಕ್ಕಿತೋ ಬರೀ ಗಾಜಿನ ಸಾಮಾನು ತೊಳೆದರೋ, ಪ್ರಕಟವಾದ ಕೆಲಸದಲ್ಲಿ ಅವರ ಹೆಸರು ಬಂತೋ ಇಲ್ಲವೋ ಎಂದು ವಿಚಾರಿಸಿ. ಈ ಪ್ರಶ್ನೆಗಳನ್ನು ಪ್ರೊಫೆಸರ್‌ಗೆ ಕೇಳಲು ಸಂಕೋಚ ಆದರೆ ಅದೇ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಯನ್ನು ಒಬ್ಬರೇ ಇದ್ದಾಗ ಮಾತನಾಡಿಸಿ ನೋಡಿ. ಬಹಳ ಸಲ ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.